ಗೇಟಿನ ಬಳಿ ಎರಡು ಹೂವು

ನಮ್ಮ ಕೆಳಮನೆಯಲ್ಲಿ ಒಂದು ಊರಿದೆ. ತಮಾಷೆಗೆ ಹೇಳುತ್ತಿಲ್ಲ. ಅನ್ನಪೂರ್ಣೇಶ್ವರಿ ನಗರದ ನಮ್ಮ ಬೀದಿಯ ಕೊನೆಯಲ್ಲಿ ಹಸಿರು ಬಣ್ಣ ಬಳಿದ ಕಟ್ಟಡವೊಂದಿದೆ. ಅದರ ಕೆಳಮನೆಯಲ್ಲಿ ಓನರ್ ಜ್ಯೋತಿಲಕ್ಷ್ಮಿ ಇದ್ದಾರೆ. ಅವರ ನಡುಮನೆಯ ಮೂಲೆಯಲ್ಲಿ ಒಂದು ಹಳೆಯ ಕಂಪ್ಯೂಟರ್, ಆ ಕಂಪ್ಯೂಟರಿನೊಳಗೆ ಆ ಊರು. ಊರಿಗೊಂದು ಕೆರೆ, ಕೆರೆಯ ಆಚೆಗೆ ಗುಡ್ಡ, ಗುಡ್ಡದ ಮೇಲೆ ಚೌಕಾಕಾರದ ಸೂರ್ಯ. ಸಂಜೆ ನಾಲ್ಕರ ಸುಮಾರಿಗೆ ಅವರು ಸ್ವಿಚ್ ಹಾಕಿದರೆ ಕೆರೆಯ ನೀರು ಅಲ್ಲಾಡತೊಡಗುತ್ತದೆ, ಕುರಿಗಳು ಅರಚುತ್ತವೆ. ದೇವರಿಗೆ ದೀಪ ಹಚ್ಚುವ ಹೊತ್ತಿಗೆ ಸ್ವಿಚ್ ಆರಿಸಿದರೆ ಸೂರ್ಯ ಎಲ್ಲಿದ್ದನೋ ಅಲ್ಲೇ ನಿಂತುಬಿಡುತ್ತಾನೆ. ಮರುದಿನ ಅಲ್ಲಿಂದಲೇ ಮುಂದಕ್ಕೆ ಹೊರಡುತ್ತಾನೆ.

ನಾನು ವಿಜಯನಗರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು. ಹುಡುಗರ ಕೈಯಿಂದ ಮೊಬೈಲ್ ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕುವವಳು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಗಂಡ ರವಿಕುಮಾರ್ ಹೇಳುತ್ತಾರೆ. ಅಷ್ಟು ತಣ್ಣಗೆ ಹೇಳುತ್ತಾರಲ್ಲ, ಅದಕ್ಕೆ ನನಗೆ ಇನ್ನಷ್ಟು ಸಿಟ್ಟು ಬರುತ್ತದೆ. ಇಂಥ ನಾನು ಈಗ ಒಂಬತ್ತನೇ ತರಗತಿಗೆ ಸಂಧಿ ಹೇಳಿಕೊಡುತ್ತಲೇ ಆ ಊರಿನಲ್ಲಿರುವ ನನ್ನ ಗೋಧಿ ಹೊಲಕ್ಕೆ ನೀರು ಸಾಕಾಯಿತೋ ಇಲ್ಲವೋ ಎಂದು ಯೋಚಿಸುತ್ತಿರುತ್ತೇನೆ. ಹಾಗೆ ಯೋಚಿಸುವಾಗ ಕಿಟಕಿಯ ಆಚೆಯ ಮೆಟ್ರೋ ರೈಲು ಕೂಡ ಆ ಊರಿನ ಗುಡ್ಡದ ಮೇಲೆ ಹೋದಂತೆ ಕಾಣುತ್ತದೆ. ಇದಕ್ಕೆಲ್ಲ ಕಾರಣ ಜ್ಯೋತಿಲಕ್ಷ್ಮಿ. ಅವರ ಬಗ್ಗೆಯೇ ಈಗ ಹೇಳಬೇಕಾಗಿರುವುದು.

ಅವರ ಯಜಮಾನರು ಸೇತುರಾಮ್ ಮಾಗಡಿ ರಸ್ತೆಯಲ್ಲಿ ಸೈಬರ್ ಸೆಂಟರ್ ಇಟ್ಟಿದ್ದರು. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಅಂಗಡಿಗೆ ಬರುವವರು ಇಲ್ಲವಾದರು. ಒಂದು ದಿನ ಅಂಗಡಿ ಮುಚ್ಚಿ, ಕಂಪ್ಯೂಟರುಗಳನ್ನೆಲ್ಲ ಲಗೇಜ್ ಆಟೋದಲ್ಲಿ ಹಾಕಿಕೊಂಡು ಮನೆಗೆ ಬಂದರು. ಸುಮ್ಮನೆ ಕೂರುವ ಆಸಾಮಿಯಲ್ಲ. ಮೆಟ್ಟಿಲ ಪಕ್ಕದ ಗೋಡೆಯುದ್ದಕ್ಕೂ ನೀಲಿ ಕೇಬಲ್ ಎಳೆದು, ಬಾಡಿಗೆಯವರಿಗೆಲ್ಲ ಒಂದೊಂದು ಕಂಪ್ಯೂಟರ್ ಕೊಟ್ಟು, ಅವನ್ನೆಲ್ಲ ಕೆಳಮನೆಯ ದೊಡ್ಡ ಕಂಪ್ಯೂಟರಿಗೆ ಜೋಡಿಸಿದರು. ಇದು ಯಾಕೆ ಸಾರ್ ಎಂದು ನಾನು ಕೇಳಿದರೆ, "ಇರ್ಲಿ ಬಿಡಮ್ಮ, ಒಂದಲ್ಲ ಒಂದಿನ ಉಪಯೋಗಕ್ಕೆ ಬರುತ್ತೆ" ಎಂದರು. ಆ ದಿನ ಬರುವ ಮೊದಲೇ ಎದೆನೋವು ಬಂದು ಹೋಗಿಬಿಟ್ಟರು. ಕೇಬಲ್ ಮಾತ್ರ ಗೋಡೆಯ ಮೇಲೆ ಹಾಗೇ ಉಳಿಯಿತು.

ಸೇತುರಾಮ್ ಇದ್ದಾಗ ಜ್ಯೋತಿಲಕ್ಷ್ಮಿಯವರ ಹೊಸಿಲಿನಿಂದ ಯಾವ ಹೆಂಗಸೂ ಬರಿಗೈಯಲ್ಲಿ ಹೊರಗೆ ಹೋದದ್ದಿಲ್ಲ. ಬಾಡಿಗೆ ಕೊಡಲು ಹೋದ ನಾನಿರಲಿ, ತರಕಾರಿಯವಳಿರಲಿ, ಜನಗಣತಿಗೆ ಬಂದ ಮೇಡಂ ಇರಲಿ, ಹೊರಟು ನಿಂತರೆ ಸಾಕು, "ಇರಿ ಇರಿ" ಎನ್ನುತ್ತ ಒಳಗೆ ಓಡುತ್ತಿದ್ದರು. ಬೆಳ್ಳಿಯ ಅರಿಶಿನ ಕುಂಕುಮದ ಬಟ್ಟಲು ಹಿಡಿದು ಬರುತ್ತಿದ್ದರು. ಬಸ್ಸು ತಪ್ಪುತ್ತದೆ ಕಣ್ರೀ ಎಂದು ನಾನು ಎಷ್ಟು ಸಲ ಬೈದಿದ್ದೇನೋ. ಆ "ಇರಿ ಇರಿ" ಕಿವಿಗೆ ಬಿದ್ದರೆ ಮೇಲಿನ ಮನೆಯಲ್ಲಿದ್ದ ನನಗೆ ಗೊತ್ತಾಗುತ್ತಿತ್ತು, ಕೆಳಗೆ ಯಾರೋ ನೆಂಟರು ಹೊರಟರು ಎಂದು.

ಸೇತುರಾಮ್ ಹೋದ ಮೇಲೆ ಆ ಬಟ್ಟಲು ಒಳಗೆ ಸೇರಿತು. ಬರಬೇಡಿ ಎಂದು ಯಾರೂ ಜ್ಯೋತಿಲಕ್ಷ್ಮಿಯವರಿಗೆ ಹೇಳಲಿಲ್ಲ, ಕರೆಯಲಿಲ್ಲ, ಅಷ್ಟೆ. ವರಮಹಾಲಕ್ಷ್ಮಿ ಹಬ್ಬದ ದಿನ ಬೀದಿಯ ಹೆಂಗಸರು ರೇಷ್ಮೆ ಸೀರೆ ಉಟ್ಟು ಅವರ ಮನೆಯ ಗೇಟು ದಾಟಿಕೊಂಡು ಪಕ್ಕದ ಮನೆಗೆ ಹೋಗುತ್ತಿದ್ದರು. ನಾನು ಕರೆದೆ. ಬಂದರು, ನಮ್ಮ ಅಡುಗೆಮನೆಯಲ್ಲೇ ಕೂತು ಪಾತ್ರೆ ಒರೆಸಿಕೊಟ್ಟು ಹೋದರು. ಹೊರಗೆ ಬನ್ನಿ ಎಂದು ಕೂಗಾಡಿದೆ. "ನಿಮಗೆ ಒಳ್ಳೇದಾಗ್ಲಿ ಅಂತ ತಾನೇ, ಬಿಡಿ" ಎಂದರು. ಅವರ ಮೇಲೆ ಬಂದ ಸಿಟ್ಟನ್ನು ನಾನು ರವಿಕುಮಾರ್ ಮೇಲೆ ತೀರಿಸಿಕೊಂಡೆ.

ಆಟ ಶುರುವಾದದ್ದು ರಾಗಿಣಿಯಿಂದ. ಜ್ಞಾನಭಾರತಿಯಲ್ಲಿ ಎಂ.ಎಸ್ಸಿ. ಓದುವ ಹುಡುಗಿ, ಎಲ್ಲಕ್ಕಿಂತ ಮೇಲಿನ ಒಂಟಿ ಕೋಣೆಯಲ್ಲಿರುತ್ತಾಳೆ. ಗೋಡೆಯ ನೀಲಿ ಕೇಬಲ್ ಎಲ್ಲಿಗೆ ಹೋಗುತ್ತದೆ ಎಂದು ಹುಡುಕಿಕೊಂಡು ಮೆಟ್ಟಿಲಿಳಿದು ಕೆಳಮನೆಗೆ ಬಂದಳು. ಅಲ್ಲಿ ಬಟ್ಟೆ ಮುಚ್ಚಿಕೊಂಡು ಕೂತಿದ್ದ ದೊಡ್ಡ ಕಂಪ್ಯೂಟರ್ ಕಂಡು ಕುಣಿದಳು. ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟು ಊರು ಕಟ್ಟುವ ಒಂದು ಆಟವಿದೆಯಂತೆ. ಒಬ್ಬರ ಕಂಪ್ಯೂಟರಿನಲ್ಲಿ ಊರಿದ್ದರೆ ಉಳಿದವರು ಕೇಬಲಿನ ಮೂಲಕ ಅಲ್ಲಿಗೆ ಹೋಗಬಹುದಂತೆ. ಇಂಟರ್ನೆಟ್ ಕೂಡ ಬೇಡವಂತೆ.

"ಆಂಟಿ, ನೀವು ಹೋಸ್ಟ್, ಅಂದ್ರೆ ಮನೆಯವ್ರು. ಏನೂ ಮಾಡ್ಬೇಕಾಗಿಲ್ಲ, ಸುಮ್ನೆ ಆನ್ ಮಾಡಿಟ್ಬಿಡಿ, ಸಾಕು" ಎಂದಳು.

"ಅದೆಂಗಾಗುತ್ತಮ್ಮ? ಜನ ಮನೆಗೆ ಬಂದಾಗ ನಾನು ಮನೇಲಿರ್ಬೇಡ್ವಾ?" ಎಂದರು ಜ್ಯೋತಿಲಕ್ಷ್ಮಿ.

ಹಾಗೆ ಅವರೂ ಒಳಗೆ ಹೋದರು. ಮೊದಲು ಹೋಗುವುದೂ ಅವರೇ, ಕೊನೆಗೆ ಹೊರಬರುವುದೂ ಅವರೇ. ಮಧ್ಯದಲ್ಲಿ ಏಳುವುದಿಲ್ಲ. ಒಲೆಯ ಮೇಲೆ ಹಾಲು ಉಕ್ಕಿದರೂ ಏಳುವುದಿಲ್ಲ. ಆ ಊರಿನಲ್ಲಿ ಒಳ್ಳೆಯ ಜಾಗವನ್ನೆಲ್ಲ ನಮಗೆ ಬಿಟ್ಟುಕೊಟ್ಟು, ತಾವು ಕೆರೆಯ ದಾರಿಯಲ್ಲಿ ಒಂದು ಸಣ್ಣ ಮನೆ ಕಟ್ಟಿಕೊಂಡರು. ಊರಿಗೆ ಮರದ ಬೇಲಿ ಹಾಕಿ ಗೇಟು ಇಟ್ಟರು. ಗೇಟಿನ ಒಂದು ಪಕ್ಕ ಕೆಂಪು ಹೂವು, ಇನ್ನೊಂದು ಪಕ್ಕ ಹಳದಿ ಹೂವು ಬೆಳೆಸಿದರು. ಊರಿಂದ ಹೊರಡುವವರು ಎಲ್ಲೆಂದರಲ್ಲಿ ಆಟ ಮುಚ್ಚಿ ಹೋಗುವ ಹಾಗಿಲ್ಲ, ಗೇಟಿಗೆ ಬಂದೇ ಹೋಗಬೇಕು ಎಂದು ನಿಯಮ ಮಾಡಿದರು.

ಮೊದಲ ದಿನ ನನಗೆ ಅರ್ಥವಾಗಲಿಲ್ಲ. ಹೊರಡೋಣವೆಂದು ಗೇಟಿಗೆ ಬಂದೆ. ಆಟದೊಳಗೆ ನಮ್ಮ ಪರವಾಗಿ ಓಡಾಡಲು ಒಬ್ಬೊಬ್ಬರಿಗೂ ಒಂದೊಂದು ಗೊಂಬೆ; ಅವರ ಗೊಂಬೆ ಅಲ್ಲಿ ನಿಂತಿತ್ತು. ನನ್ನ ಕಾಲ ಮುಂದೆ ಒಂದು ಹಳದಿ ಹೂವು, ಒಂದು ಕೆಂಪು ಹೂವು ಇಟ್ಟಿತು. ಆ ಆಟದಲ್ಲಿ ಇಟ್ಟ ಹೂವು ನೆಲಕ್ಕಿಂತ ಒಂಚೂರು ಮೇಲೆ ತೇಲುತ್ತ ಮೆಲ್ಲಗೆ ತಿರುಗುತ್ತಿರುತ್ತದೆ. ಹತ್ತಿರ ಹೋದರೆ ತಾನಾಗಿ ನಮ್ಮ ಚೀಲಕ್ಕೆ ಬೀಳುತ್ತದೆ. ಯಾರೂ ಎತ್ತದಿದ್ದರೆ ಸ್ವಲ್ಪ ಹೊತ್ತಿನಲ್ಲಿ ಮಾಯವಾಗುತ್ತದೆ. ಹಳದಿ, ಕೆಂಪು. ನೋಡುತ್ತ ನೋಡುತ್ತ ನನಗೆ ಆ ಬೆಳ್ಳಿ ಬಟ್ಟಲು ನೆನಪಾಯಿತು. ಆ ಊರಿನ ಗೊಂಬೆಗಳ ಹಣೆಯ ಮೇಲೆ ಏನೂ ಇರುವುದಿಲ್ಲ, ಯಾರ ಹಣೆಯ ಮೇಲೂ ಇರುವುದಿಲ್ಲ. ಎರಡು ಹೆಜ್ಜೆ ಮುಂದಿಟ್ಟು ಹೂವು ತೆಗೆದುಕೊಂಡೆ. ಮಾರನೆಯ ದಿನ ಮೆಟ್ಟಿಲ ಬಳಿ ಸಿಕ್ಕಾಗ ನೀರಿನ ಬಿಲ್ಲಿನ ವಿಷಯವಷ್ಟೇ ಮಾತಾಡಿದೆವು. ಆದರೆ ಅವರ ಮುಖದಲ್ಲಿ ಎಷ್ಟೋ ಕಾಲದಿಂದ ಕಾಣದಿದ್ದ ಗೆಲುವಿತ್ತು.

ನಮ್ಮ ಮೇಲಿನ ಮನೆಯ ದಾನಮ್ಮನೂ ಆ ಊರಿಗೆ ಬರುತ್ತಿದ್ದಳು. ಸಿಂಧನೂರಿನ ಕಡೆಯವಳು. ಗಂಡ ಅಮರೇಶ ಬೈಕಿನಲ್ಲಿ ಮನೆಮನೆಗೆ ಊಟ ತಲುಪಿಸುವ ಕೆಲಸದವನು, ಊರೆಲ್ಲ ಉಣ್ಣುವ ಹೊತ್ತಿಗೆ ಅವನು ರಸ್ತೆಯಲ್ಲಿರುತ್ತಾನೆ. ಮಾತಿಗೆ ಯಾರೂ ಇಲ್ಲದ ಹುಡುಗಿ ಜ್ಯೋತಿಲಕ್ಷ್ಮಿಯವರಿಗೆ ಅಂಟಿಕೊಂಡುಬಿಟ್ಟಿತು. ಮಕ್ಕಳಿಲ್ಲದ ಅವರಿಗೂ ಅಷ್ಟೇ ಬೇಕಾಗಿತ್ತು. ದಾನಮ್ಮ ಬಸುರಿಯಾದಾಗ ಆ ಸುದ್ದಿ ಅಮರೇಶನಿಗಿಂತ ಮೊದಲು ಕೆಳಮನೆಗೆ ಗೊತ್ತಾಗಿತ್ತು. ಹುಣಿಸೆ ತೊಕ್ಕು, ಮೆಂತ್ಯದ ಹಿಟ್ಟು ಎಂದು ದಿನಾ ಏನಾದರೊಂದು ಮೆಟ್ಟಿಲು ಹತ್ತುತ್ತಿತ್ತು.

ಏಳು ತಿಂಗಳು ತುಂಬಿತು. ಅವರ ಕಡೆ ಸೀಮಂತಕ್ಕೆ ಕುಬುಸ ಎನ್ನುತ್ತಾರೆ. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಮುತ್ತೈದೆಯರು ಅಕ್ಕಿ ಕೊಬ್ಬರಿಯಿಂದ ಉಡಿ ತುಂಬುತ್ತಾರೆ. ಭಾನುವಾರ ಇಲ್ಲೇ ಮಾಡುವುದೆಂದಾಯಿತು. ದಾನಮ್ಮನ ಅತ್ತೆ ಒಂದು ವಾರ ಮೊದಲೇ ಬಂದಿಳಿದರು. ಮಂಡಿನೋವಿನವರಂತೆ, ಮೇಲೆ ಹತ್ತಿದವರು ಮತ್ತೆ ಇಳಿಯಲಿಲ್ಲ. ನಾವ್ಯಾರೂ ಅವರನ್ನು ಇನ್ನೂ ನೋಡಿರಲಿಲ್ಲ.

"ಅವತ್ತು ನೀವು ಬರ್ಲೇಬೇಕು" ಎಂದು ನಾನು ಜ್ಯೋತಿಲಕ್ಷ್ಮಿಯವರಿಗೆ ಮೊದಲೇ ಎಚ್ಚರಿಕೆ ಕೊಟ್ಟೆ.

"ಅವತ್ತು ನಾನು ಬಾಗಿಲು ಹಾಕ್ಕೊಂಡಿರ್ತೀನಿ. ಚೊಚ್ಚಲು ಬಸುರಿ ಕಣ್ರೀ, ಯಾಕೆ ಬೇಕು? ನಾನು ಅಲ್ಲೇ ಮಾಡ್ತೀನಿ ಅವಳಿಗೆ" ಎಂದರು.

ಅಲ್ಲೇ ಎಂದರೆ ಆ ಊರಿನಲ್ಲಿ. ಕೆರೆಯ ದಂಡೆಯ ಮೇಲೆ ಎಲೆಗಳದೇ ಒಂದು ಚಪ್ಪರ ಕಟ್ಟತೊಡಗಿದ್ದರು. ಹಸಿರು ಕಂಬ, ಹಸಿರು ಹಾಸು, ಒಳಗೊಂದು ಹಸಿರು ಮಣೆ. ದಿನಾ ಸ್ವಲ್ಪ ಸ್ವಲ್ಪ. ಸೂರ್ಯ ಆ ಎಲೆಗಳ ಹಿಂದೆ ಇಳಿಯುವಾಗ ನೀರೆಲ್ಲ ಹಸಿರಾಗುತ್ತಿತ್ತು. ನಾನು ನನ್ನ ಹೊಲ ಬಿಟ್ಟು ಅಲ್ಲಿ ಹೋಗಿ ಸುಮ್ಮನೆ ನಿಂತಿರುತ್ತಿದ್ದೆ. ಕೆಳಗೆ ಅವರ ಮನೆಯ ಫ್ಯಾನಿನ ಸದ್ದು, ಕಿಟಕಿಯಿಂದ ಬರುತ್ತಿದ್ದ ಒಗ್ಗರಣೆಯ ವಾಸನೆ ಎಲ್ಲವೂ ಆ ಊರಿನದೇ ಅನ್ನಿಸುತ್ತಿತ್ತು.

ಆ ವಾರ ದಾನಮ್ಮನ ಗೊಂಬೆ ಯಾಕೋ ಬೇರೆ ಥರ ಆಡುತ್ತಿತ್ತು. ಮೊದಲು ಇಡೀ ಹೊತ್ತು ಮನೆಗೆ ಕಿಟಕಿ ಇಡುತ್ತಿದ್ದವಳು ಈಗ ಕಿಟಕಿಯ ತಂಟೆಗೇ ಹೋಗುತ್ತಿರಲಿಲ್ಲ. ಕುರಿಗಳನ್ನು ಹೊಡೆದುಕೊಂಡು ಗುಡ್ಡಕ್ಕೆ ಹೋಗುವುದು, ಸಂಜೆಗೆ ಒಂದೂ ತಪ್ಪದಂತೆ ದೊಡ್ಡಿಗೆ ತಂದು ಕೂಡುವುದು. ಬಸುರಿಯ ಬಯಕೆ ಹೀಗೂ ಇರುತ್ತದೇನೋ ಎಂದುಕೊಂಡು ನಾನು ನಕ್ಕು ಸುಮ್ಮನಾದೆ.

ಶನಿವಾರ ಶಾಲೆಯ ಕೆಲಸ ಮುಗಿಸಿ ಐದರ ಹೊತ್ತಿಗೆ ಬಂದೆ. ಕೆಳಮನೆಯ ಬಾಗಿಲು ತೆರೆದಿತ್ತು. ಜ್ಯೋತಿಲಕ್ಷ್ಮಿ ಕಂಪ್ಯೂಟರಿನ ಮುಂದೆ ಕೂತಿದ್ದರು. ಊರು ಇನ್ನೂ ತೆರೆದೇ ಇತ್ತು. ಕೈಯಲ್ಲಿ ಕಂಪ್ಯೂಟರಿಗೆ ಮುಚ್ಚುವ ಬಟ್ಟೆ.

"ಇವತ್ತಿಗೆ ಸಾಕು ಮಾಡ್ತೀನಿ" ಎಂದರು.

"ಏನನ್ನ?"

"ಈ ಆಟಾನ. ವೈರೆಲ್ಲ ತೆಗೆಸ್ಬಿಡ್ತೀನಿ." ಬಟ್ಟೆಯನ್ನು ಮಡಿಚಿ ಬಿಚ್ಚಿ ಮಾಡುತ್ತಿದ್ದರು. "ದಾನಮ್ಮ ಹೂವು ತಗೋತಾ ಇಲ್ಲ ಕಣ್ರೀ. ನಾಲ್ಕು ದಿನ ಆಯ್ತು. ಗೇಟಿಗೆ ಬರ್ತಾಳೆ, ನಾನು ಹೂವು ಇಡ್ತೀನಿ, ನಿಂತು ನೋಡ್ತಾಳೆ. ಆಮೇಲೆ ಅಷ್ಟು ದೂರದಿಂದ ಬಳಸ್ಕೊಂಡು ಹೋಗ್ತಾಳೆ, ತಾಗಿದ್ರೆ ಎಲ್ಲಿ ಚೀಲಕ್ಕೆ ಬಿದ್ಬಿಡುತ್ತೋ ಅಂತ. ಇವತ್ತು ಬೇಲಿ ಹಾರಿ ಹೋದ್ಳು."

ನಾನು ಬ್ಯಾಗು ಹಿಡಿದುಕೊಂಡೇ ಅವರ ಪಕ್ಕಕ್ಕೆ ಹೋದೆ.

"ಅವಳದ್ದು ತಪ್ಪಲ್ಲ. ಅತ್ತೆ ಬಂದಿದಾರೆ, ಹೇಳಿರ್ತಾರೆ. ಹೊಟ್ಟೇಲಿ ಮಗು ಇದೆ, ಹೆದರ್ಕೆ ಇರುತ್ತೆ. ಆದ್ರೆ ಅಲ್ಲಾದ್ರೂ..." ಎಂದು ನಿಲ್ಲಿಸಿ, ಬಟ್ಟೆಯ ಅಂಚಿನಲ್ಲೇ ಕಣ್ಣೊರೆಸಿಕೊಂಡರು. ಪರದೆಯ ಮೇಲೆ ಗೇಟಿನ ಬಳಿ ಹೂವು ಎರಡೂ ತಿರುಗುತ್ತಿದ್ದವು. ನಾನು ನೋಡುತ್ತಿದ್ದಂತೆಯೇ ಮಾಯವಾದವು.

ನನಗೆ ಬಂದ ಸಿಟ್ಟು ಎಂಥದೆಂದು ಹೇಳಲಾರೆ. ಹುಣಿಸೆ ತೊಕ್ಕು ತಿನ್ನುವಾಗ ಹೆದರಿಕೆಯಾಗಲಿಲ್ಲವೇ ಇವಳಿಗೆ? ಬ್ಯಾಗು ಅಲ್ಲೇ ಎಸೆದು ಎರಡು ಮಹಡಿ ಒಂದೇ ಉಸಿರಿಗೆ ಹತ್ತಿದೆ. ಹೇಳಬೇಕಾದ ಮಾತುಗಳನ್ನೆಲ್ಲ ಮೆಟ್ಟಿಲ ಮೇಲೆಯೇ ಜೋಡಿಸಿಕೊಂಡೆ. ತಳ್ಳಿದರೆ ತೆರೆದುಕೊಳ್ಳುವಂತಿದ್ದ ಬಾಗಿಲನ್ನು ತಳ್ಳಿದೆ.

ದಾನಮ್ಮ ಚಾಪೆಯ ಮೇಲೆ ಗಾಢ ನಿದ್ದೆಯಲ್ಲಿದ್ದಳು. ಕಂಪ್ಯೂಟರಿನ ಮುಂದೆ ಇಳಕಲ್ ಸೀರೆಯ ಸೆರಗನ್ನು ತಲೆಯ ಮೇಲೆ ಹೊದ್ದ ಒಬ್ಬ ಮುದುಕಿ ಕೂತಿದ್ದರು. ಒಂದು ಕೈ ಮೌಸಿನ ಮೇಲೆ, ಇನ್ನೊಂದು ಮಂಡಿಯ ಮೇಲೆ. ನನ್ನ ಕಡೆ ತಿರುಗಿದರು. ಹಣೆಯ ತುಂಬ ವಿಭೂತಿ. ಕುಂಕುಮವಿರಲಿಲ್ಲ.

"ಸಾವಕಾಶ್ರೀ. ಹುಡುಗಿ ಮಲಗ್ಯಾಳ" ಎಂದು ಪಿಸುಗುಟ್ಟಿದರು. "ನೀವು ಸಾಲಿ ಅಕ್ಕೋರಲ್ಲ? ನಾ ಭಾಗವ್ವರೀ, ಅಮರೇಶನ ತಾಯಿ."

ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಚೆದುರಿಹೋದವು. "ಈ ಆಟ... ನೀವಾ ಆಡೋದು?" ಎಂದೆ.

"ಹೂನ್ರೀ. ಹೊತ್ತು ಹೋಗವಲ್ದು ಅಂದ್ರ ಸೊಸಿ ಕಲಿಸಿಕೊಟ್ಟಾಳ. ಆಕಿ ಮಲಗಿದಾಗ ನಾ ಕುರಿ ಕಾಯ್ತೀನಿ. ಸಣ್ಣಾಕಿ ಇದ್ದಾಗ ಕಾದಿದ್ದೆ, ಈಗ ಇಲ್ಲಿ ಕಾಯಾಕತ್ತೀನಿ, ನೋಡ್ರಿ." ನಗುತ್ತಿದ್ದವರು ನನ್ನ ಮುಖ ನೋಡಿ ನಿಲ್ಲಿಸಿದರು. "ಯಾಕ್ರೀ, ಏನಾರ ತಪ್ಪು ಮಾಡೀನೇನು?"

"ಗೇಟಿನ ಹತ್ರ ಇಡೋ ಹೂವು ನೀವು ಯಾಕೆ ತಗೊಳ್ಳಲ್ಲ?"

ಭಾಗವ್ವ ತಲೆ ತಗ್ಗಿಸಿದರು. ಸೆರಗು ಸರಿಮಾಡಿಕೊಂಡರು.

"ಅವು ಅರಿಷಿಣ ಕುಂಕುಮ ಅಲ್ಲೇನ್ರೀ, ಅಕ್ಕೋರ? ಸೊಸಿ ಹೇಳಿರಲಿಲ್ಲ. ಬಣ್ಣ ನೋಡಿದ ಕೂಡ್ಲೆ ನನಗ ತಿಳೀತು. ಆ ಮನಿ ಯಜಮಾನ್ತಿ ಪಾಪ, ಬಂದೋರಿಗೆಲ್ಲ ಕೊಟ್ಟು ಕಳಿಸ್ತಾಳ. ಮುತ್ತೈದಿ ಇದ್ದಾಳ. ನಾ ಗಂಡ ಇಲ್ಲದಾಕಿ ಅಂತ ಆಕಿಗೆ ಹೆಂಗ ಗೊತ್ತಾಗಬೇಕು? ತಿಳೀದ ಕೊಟ್ಟಿದ್ದನ್ನ ನಾ ತಗೊಂಡ್ರ, ಆಕಿಗೇನಾರ ಕೆಡುಕಾದ್ರ? ಅದಕ್ಕ ಸುತ್ತು ಹಾಕಿ ಹೋಗ್ತೀನಿ. ಇವತ್ತು ಎರಡೂ ಗೇಟಿನ ನಡುವಕ್ಕ ಇಟ್ಟಿದ್ಲರೀ, ದಾರೀನ ಇರಲಿಲ್ಲ. ಬೇಲಿ ಹಾರಿದೆ."

ನಾನು ಅಲ್ಲೇ ನೆಲದ ಮೇಲೆ ಕೂತೆ. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಮಂಡಿ ಹಿಡಿದುಕೊಂಡಿದ್ದ ಈ ಮುದುಕಿ, ತಾನು ಕಂಡೇ ಇರದ ಒಬ್ಬ ಹೆಂಗಸಿನ ಕುಂಕುಮ ಉಳಿಯಲಿ ಎಂದು ಆ ಊರಿನಲ್ಲಿ ಬೇಲಿ ಹಾರುತ್ತಿದ್ದರು.

"ಒಂದ್ಸಲ ಕೆಳಗೆ ಬರ್ತೀರಾ?" ಎಂದೆ.

ಒಂದೊಂದು ಮೆಟ್ಟಿಲಿಗೂ ನಿಂತು, ಗೋಡೆ ಹಿಡಿದು ಇಳಿದರು. ಅವರ ಕೈ ಉದ್ದಕ್ಕೂ ಸೇತುರಾಮ್ ಎಳೆದ ನೀಲಿ ಕೇಬಲಿನ ಮೇಲೆಯೇ ಇತ್ತು. ಕೆಳಮನೆಯ ಹೊಸಿಲ ಬಳಿ ನಿಂತರು. ಜ್ಯೋತಿಲಕ್ಷ್ಮಿ ಎದ್ದು ಬಂದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೊದಲು ಹಣೆ, ಆಮೇಲೆ ಕೊರಳು, ಆಮೇಲೆ ಕಣ್ಣು. ಹೆಂಗಸರು ನೋಡುವುದೇ ಹಾಗೆ.

"ದಾನಮ್ಮನ ಅತ್ತೆ. ಆ ಊರಲ್ಲಿ ಹೂವು ಬಳಸ್ಕೊಂಡು ಹೋಗ್ತಿದ್ದೋರು ಇವ್ರೇ. ನಿಮ್ಮನ್ನ ಮುತ್ತೈದೆ ಅಂದ್ಕೊಂಡಿದ್ರಂತೆ" ಎಂದೆ.

ಭಾಗವ್ವ ಕಂಪ್ಯೂಟರಿನ ಕಡೆ ಕತ್ತು ಚಾಚಿದರು. "ಅಲ್ಲಿ ಬಾಗಿಲದಾಗ ನಿಂದ್ರಾಕಿ ನೀವಾ?" ಎಂದು ಕೇಳಿದರು.

"ಹೌದಮ್ಮ, ನಾನೇ."

"ನಾಳಿ ಕುಬುಸಕ್ಕ ಮ್ಯಾಲ ಬರ್ತೀರಲ್ಲ?"

ಜ್ಯೋತಿಲಕ್ಷ್ಮಿ ತಲೆ ಅಲ್ಲಾಡಿಸಿದರು. "ನಾನು ಬಾಗಿಲು ಹಾಕ್ಕೊಂಡು ಇಲ್ಲೇ ಇರ್ತೀನಿ ಅಂತ..."

"ನಾನೂ ಹಂಗ ಮಾಡೀನ್ರೀ. ಅಡಗಿಮನ್ಯಾಗ ಬಾಗಿಲ ಹಿಂದ ಕುಂದ್ರಬೇಕಂತ ಮಾಡೀನಿ." ಭಾಗವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡು ಹೇಳಿದರು: "ಆ ಹುಡುಗಿಗೆ ಊರಾಗ ನಾ, ಇಲ್ಲಿ ನೀವು. ದಿನಾ ಫೋನಿನ್ಯಾಗ ನಿಮ್ಮ ಸುದ್ದೀನ ಹೇಳ್ತಿದ್ಲು, ಆಂಟಿ ತೊಕ್ಕು ಕೊಟ್ರು, ಆಂಟಿ ಕಾಲು ಒತ್ತಿದ್ರು ಅಂತ. ನಾವಿಬ್ರೂ ಬಾಗಿಲ ಹಿಂದ ಕುಂತ್ರ ಆಕಿ ಉಡಿ ತುಂಬೋರು ಯಾರ್ರೀ?"

ಬೀದಿಯಲ್ಲಿ ಸೊಪ್ಪಿನವನು ಕೂಗಿಕೊಂಡು ಹೋದ. ಕಂಪ್ಯೂಟರಿನೊಳಗೆ ಕುರಿಯೊಂದು ಅರಚಿತು.

"ಬರ್ತೀನ್ರೀ" ಎಂದು ಭಾಗವ್ವ ಮೆಟ್ಟಿಲ ಕಡೆ ತಿರುಗಿದರು.

ಆಗ ಕೇಳಿಸಿತು. ಸೇತುರಾಮ್ ಹೋದ ಮೇಲೆ ಈ ಕಟ್ಟಡದಲ್ಲಿ ಯಾರೂ ಕೇಳದಿದ್ದ ದನಿ.

"ಇರಿ ಇರಿ!"

ಜ್ಯೋತಿಲಕ್ಷ್ಮಿ ಒಳಗೆ ಓಡಿದ್ದರು. ಬೀರು ತೆರೆದ ಸದ್ದು, ಏನೋ ಉರುಳಿದ ಸದ್ದು. ಬಟ್ಟಲು ಹಿಡಿದು ಬಂದರು. ಬೆಳ್ಳಿ ಕಪ್ಪಾಗಿತ್ತು, ಕುಂಕುಮ ಗಟ್ಟಿಯಾಗಿ ತಳಕ್ಕೆ ಅಂಟಿಕೊಂಡಿತ್ತು. ಉಗುರಿನಿಂದ ಕೆರೆದು ಪುಡಿ ಮಾಡಿದರು. ಆಮೇಲೆ ಬಟ್ಟಲನ್ನು ಮುಂದೆ ಚಾಚಿ ಹಾಗೇ ನಿಂತರು. ಬಳಸಿಕೊಂಡು ಹೋಗಲು ಅಲ್ಲಿ ದಾರಿಯಿರಲಿಲ್ಲ, ಹಾರಲು ಬೇಲಿಯೂ ಇರಲಿಲ್ಲ. ಭಾಗವ್ವ ಬಟ್ಟಲನ್ನು ನೋಡಿದರು, ನನ್ನನ್ನು ನೋಡಿದರು. ನಾನು ಶಾಲೆಯಲ್ಲಿ ಹುಡುಗರನ್ನು ಗದರಿಸುವ ಕಣ್ಣಿನಲ್ಲೇ ಅವರನ್ನು ನೋಡಿದೆನೆಂದು ಕಾಣುತ್ತದೆ. ಅವರು ತಲೆಯ ಸೆರಗನ್ನು ಹಿಂದಕ್ಕೆ ಸರಿಸಿ, ಹಣೆಯನ್ನು ಮುಂದೆ ಬಾಗಿಸಿದರು.

ಭಾನುವಾರ ದಾನಮ್ಮ ಹಸಿರು ಸೀರೆಯಲ್ಲಿ ಮಣೆಯ ಮೇಲೆ ಕೂತಾಗ ಮೊದಲ ಹಿಡಿ ಅಕ್ಕಿ ಹಾಕಿದ್ದು ಜ್ಯೋತಿಲಕ್ಷ್ಮಿ, ಎರಡನೆಯದು ಭಾಗವ್ವ. ಬೀದಿಯ ಇಬ್ಬರು ಹೆಂಗಸರು ಮುಖ ಮುಖ ನೋಡಿಕೊಂಡರು, ನಾನು ಅವರನ್ನು ನೋಡಿದೆ, ಅಲ್ಲಿಗೆ ಮುಗಿಯಿತು. ದಾನಮ್ಮ ಏನೂ ಗೊತ್ತಿಲ್ಲದವಳಂತೆ, "ಆಂಟಿ, ಇನ್ನೊಂದು ಹಿಡಿ ಹಾಕ್ರಿ, ಸಾಲಲಿಲ್ಲ" ಎಂದು ಉಡಿ ಚಾಚಿದಳು.

ಊಟವಾದ ಮೇಲೆ ನಾನು ಕೆಳಗೆ ಬಂದೆ. ಕೆಳಮನೆಯ ಕಂಪ್ಯೂಟರ್ ಆನ್ ಆಗಿಯೇ ಇತ್ತು. ಶನಿವಾರದ ಅವಸರದಲ್ಲಿ ಆರಿಸುವುದನ್ನೇ ಮರೆತು ಹೋಗಿದ್ದರು. ಊರಿನಲ್ಲಿ ಮನೆಯವರಿರಲಿಲ್ಲ, ನೆಂಟರೂ ಇರಲಿಲ್ಲ. ಎಲೆಯ ಚಪ್ಪರದ ಮೇಲೆ ಸೂರ್ಯ ಇಳಿಯುತ್ತಿದ್ದ, ಹಸಿರು ಮಣೆಯ ಸುತ್ತ ಕುರಿಗಳು ಮೇಯುತ್ತಿದ್ದವು. ಗೇಟಿನ ಎರಡೂ ಪಕ್ಕ ಹೂವು ಗಿಡದಲ್ಲೇ ಇದ್ದವು. ಮೇಲಿನಿಂದ, ನೆಂಟರು ಒಬ್ಬೊಬ್ಬರಾಗಿ ಹೊರಡುತ್ತಿದ್ದಂತೆ, "ಇರಿ ಇರಿ" ಎನ್ನುವುದು ಮತ್ತೆ ಮತ್ತೆ ಕೇಳಿಸುತ್ತಿತ್ತು.